ಐದು ಮತ್ತು ಅಂಜು

“ಅಜ್ಜಿ, ಐದು ಜಾಸ್ತಿನಾ, ಅಂಜು ಜಾಸ್ತಿನಾ?”

ಅವರೆಕಾಯಿ ಬಿಡಿಸುತ್ತಿದ್ದ ಹನುಮಕ್ಕನ ಕೈ ನಿಂತಿತು. ಮೊಮ್ಮಗಳು ಹರ್ಷಿಣಿಗೆ ‘ಐದು’ ಎಂಬುದು ಮನೆಯ ಕನ್ನಡ, ‘ಅಂಜು’ ಎಂಬುದು ಶಾಲೆಯ ತಮಿಳು. ಮಗು ಎರಡನ್ನೂ ಬೆರೆಸುತ್ತದೆ ಎಂದು ಟೀಚರ್ ಹೇಳಿದ್ದರು. ಅದಕ್ಕೇ ಸೊಸೆ ವನಿತಾ, “ಅತ್ತೆ, ಇನ್ಮೇಲೆ ನೀವು ಲೆಕ್ಕ ಹೇಳ್ಕೊಡಬ್ಯಾಡಿ” ಎಂದಿದ್ದಳು. ಈಗ ಅವಳು ಒಲೆಯ ಮುಂದೆಯೇ ನಿಂತಿದ್ದಳು.

“ನೀನೇ ಎಣಿಸಿ ನೋಡವ್ವ,” ಎಂದಳು ಹನುಮಕ್ಕ ಮೆಲ್ಲಗೆ, ಐದು ಕಾಳು ಮುಂದಿಟ್ಟು.

ಹರ್ಷಿಣಿ ಕನ್ನಡದಲ್ಲಿ ಎಣಿಸಿದಳು, ಐದಕ್ಕೆ ಮುಗಿಯಿತು. ಅವೇ ಕಾಳುಗಳನ್ನು ಮುಟ್ಟುತ್ತಾ, “ಒಣ್ಣು, ರೆಂಡು, ಮೂಣು, ನಾಲು, ಅಂಜು” ಎಂದಳು. ಬೆರಳು ಅದೇ ಕೊನೆಯ ಕಾಳಿನ ಮೇಲಿತ್ತು. ನಂಬಿಕೆ ಬರದೆ ಕಾಳುಗಳನ್ನು ದೂರ ದೂರ ಹರಡಿ ಮತ್ತೆ ಎಣಿಸಿದಳು. “ಅಮ್ಮಾ! ಹೆಸರು ಬ್ಯಾರೆ, ಕಾಳು ಅಷ್ಟೇ!”

ವನಿತಾ ಒಲೆ ಆರಿಸಿ ಬಂದು ಅತ್ತೆಯ ಪಕ್ಕ ಕುಳಿತಳು. ಮೊರದಿಂದ ಇನ್ನೊಂದು ಕಾಳು ತೆಗೆದು ಸಾಲಿಗೆ ಸೇರಿಸಿದಳು. “ಈಗ ಎಷ್ಟು? ಅಜ್ಜಿಗೆ ಕನ್ನಡದಲ್ಲಿ ಹೇಳು, ನಂಗೆ ತಮಿಳಲ್ಲಿ.”

“ಆರು,” ಎಂದು ಅಜ್ಜಿಯತ್ತ ತಿರುಗಿದ ಹರ್ಷಿಣಿ, “ಆರು,” ಎಂದು ಅಮ್ಮನತ್ತ ತಿರುಗಿ, ಬೆರಗಾಗಿ ಬಾಯಿ ಮುಚ್ಚಿಕೊಂಡಳು.