ಊರು ತೋರಿಸಲು ಹೋದವನು

ಮಗಳ ಹಿಂದೆಯೇ ಮೆಟ್ರೊ ಹತ್ತಲು ಹೋದ ರಮೀರೊನನ್ನು ಪೊಲೀಸ್ ಹೆಂಗಸು ಕೈ ಅಡ್ಡ ಹಿಡಿದು ನಿಲ್ಲಿಸಿದಳು.

“ಇದು ಹೆಂಗಸರ ಬೋಗಿ ಯಜಮಾನ್ರೇ. ಗಂಡಸರು ಹಿಂದಕ್ಕೆ.”

“ನಾನು ಗಂಡಸಲ್ಲಮ್ಮ, ಅವಳ ಅಪ್ಪ.”

“ಅಪ್ಪಂದಿರೂ ಹಿಂದಕ್ಕೇ.”

“ಕೊನೇ ಸ್ಟೇಷನ್ನಲ್ಲಿ ಇಳಿ ಅಪ್ಪ, ಕೊನೇದು,” ಎಂದು ಯಾದಿರಾ ಒಳಗಿನಿಂದ ಕೂಗುತ್ತಿರುವಾಗಲೇ ಬಾಗಿಲು ಮುಚ್ಚತೊಡಗಿತು. ರಮೀರೊ ಹಿಂದಕ್ಕೆ ಓಡಿ, ಸಿಕ್ಕಿದ ಬೋಗಿಯೊಳಗೆ ಹೊಟ್ಟೆ ಒಳಗೆಳೆದುಕೊಂಡು ತುರುಕಿಕೊಂಡ.

ಈ ಪ್ರಯಾಣ ಅವನದೇ ಉಪಾಯ. ಪಶುವೈದ್ಯ ಓದಲು ಮಗಳಿಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು, ಮನೆಯಿಂದ ಒಂದು ಗಂಟೆಯ ದಾರಿಯ ಮೊರೇಲಿಯಾದಲ್ಲಿ, ಇನ್ನೊಂದು ಮೆಕ್ಸಿಕೋ ನಗರದ ದೊಡ್ಡ ವಿಶ್ವವಿದ್ಯಾಲಯದಲ್ಲಿ. ಅವಳು ನಗರವೇ ಬೇಕೆಂದಳು. ಬೇಡವೆನ್ನುವ ಧೈರ್ಯ ರಮೀರೊಗೆ ಇರಲಿಲ್ಲ. ಅವಳಿಗೇ ಬೇಡವೆನಿಸಲಿ ಎಂದು, ಒಪ್ಪಿಗೆ ತಿಳಿಸಲು ಒಂದೇ ದಿನ ಉಳಿದಿರುವಾಗ, ಬೆಳಗಿನ ಎಂಟರ ನೂಕುನುಗ್ಗಲಿಗೆ ಸರಿಯಾಗಿ ಕರೆತಂದಿದ್ದ. “ನೋಡ್ತಿರು, ಅರ್ಧ ಗಂಟೇಲಿ ದಾರಿ ತಪ್ಪಿಸ್ಕೊಂಡು ಅಳ್ತಾಳೆ,” ಎಂದು ಹೆಂಡತಿ ಒಫೇಲಿಯಾಗೆ ಹೇಳಿ ಹೊರಟಿದ್ದ. ತನ್ನ ದಾರಿಯ ಬಗ್ಗೆ ಅವನಿಗೆ ಚಿಂತೆ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ತನ್ನೂರಿನ ಸರೋವರದ ಸುತ್ತಲಿನ ಹಳ್ಳಿಗಳಿಗೆ ಪ್ಯಾಸೆಂಜರ್ ವ್ಯಾನು ಓಡಿಸುವವನು. ಒಮ್ಮೆಯೂ ಯಾರನ್ನೂ ದಾರಿ ಕೇಳಿದವನಲ್ಲ.

ನಾಲ್ಕನೆಯ ಸ್ಟೇಷನ್ನಿನಲ್ಲಿ ಇಡೀ ಬೋಗಿ ಇಳಿಯಿತು, ಜೊತೆಗೆ ರಮೀರೊನೂ ಇಳಿದ. ಇಳಿದ ಅನ್ನುವುದಕ್ಕಿಂತ ಇಳಿಸಲ್ಪಟ್ಟ. ಜನರ ಹೊಳೆ ಅವನನ್ನು ಒಂದು ಮೆಟ್ಟಿಲು ಹತ್ತಿಸಿ ಇನ್ನೊಂದು ಮೆಟ್ಟಿಲ ಹತ್ತಿರ ಬಿಟ್ಟಿತು. ಅವನು ಆ ಮೆಟ್ಟಿಲಿಳಿದು, ಎದುರು ನಿಂತಿದ್ದ ರೈಲು ಹತ್ತಿದ.

ಯಾದಿರಾ ಕೊನೆಯ ಸ್ಟೇಷನ್ನಿನಲ್ಲಿ ಇಳಿದು ಕಾದಳು. ಎದುರಿಗೇ ವಿಶ್ವವಿದ್ಯಾಲಯದ ದಾರಿ ಇತ್ತು. ಅವಳ ವಯಸ್ಸಿನವರು ಗುಂಪುಗುಂಪಾಗಿ ಆ ಕಡೆ ಹೋಗುತ್ತಿದ್ದರು. ಐದು ರೈಲು ಬಂದವು, ಅಪ್ಪ ಬರಲಿಲ್ಲ. ಫೋನು ಮಾಡೋಣವೆಂದರೆ, ಕಳ್ಳರ ಊರು ಎಂದು ಅಪ್ಪ ಇಬ್ಬರ ಫೋನನ್ನೂ ಸ್ವಿಚ್ ಆಫ್ ಮಾಡಿ ತನ್ನ ಕೋಟಿನ ಒಳಜೇಬಿಗೆ ಸೇರಿಸಿಕೊಂಡಿದ್ದ. ಹಣ್ಣಿನ ರಸ ಮಾರುವ ಹೆಂಗಸು ತನ್ನ ಫೋನು ಕೊಟ್ಟಳು. ಅಪ್ಪನದು ರಿಂಗಾಗಲಿಲ್ಲ.

“ನಿಮ್ಮಪ್ಪಂಗೆ ವಯಸ್ಸೆಷ್ಟು ಮಗಾ?”

“ಐವತ್ತೊಂದು.”

“ಅಯ್ಯೋ, ಐದೋ ಆರೋ ಆಗಿದ್ರೆ ಮೈಕಲ್ಲಿ ಕೂಗಿ ಹೇಳ್ತಿದ್ರು.”

ಯಾದಿರಾ ವಿಶ್ವವಿದ್ಯಾಲಯದ ಕಡೆ ಒಮ್ಮೆ ನೋಡಿದಳು. ಆಮೇಲೆ ತಿರುಗಿ ಮತ್ತೆ ರೈಲು ಹತ್ತಿದಳು. ಇಪ್ಪತ್ತು ಸ್ಟೇಷನ್ ದಾಟಿ ಅದೇ ಲೈನಿನ ಇನ್ನೊಂದು ತುದಿಯಲ್ಲಿ ಇಳಿದಾಗ, ಕಲ್ಲುಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ರಮೀರೊ ಕೂತಿದ್ದ. ತೊಡೆಯ ಮೇಲೆ ಮೂರು ಪ್ಯಾಕೆಟ್ ಹೊಲಿಗೆ ಸೂಜಿ, ಎರಡು ಡಬ್ಬಿ ನೋವಿನ ಮುಲಾಮು, ಬೆನ್ನು ತುರಿಸುವ ಒಂದು ಕೋಲು. ರೈಲಿನಲ್ಲಿ ಮಾರಲು ಬಂದ ಯಾರಿಗೂ ಅವನು ಬೇಡ ಎಂದಂತಿರಲಿಲ್ಲ.

“ಎಲ್ಲಿ ಹೋಗಿದ್ದೆ ಇಷ್ಟು ಹೊತ್ತು?” ಎಂದು ಅವನೇ ಗದರಿದ.

“ಇದು ಈ ಕಡೆ ಕೊನೆ ಅಪ್ಪ. ನಾವು ಹೋಗ್ಬೇಕಾಗಿದ್ದು ಆ ಕಡೆ ಕೊನೆಗೆ.”

“ಒಂದೇ ಲೈನಿಗೆ ಎರಡೆರಡು ಕೊನೆ ಇಟ್ರೆ ಜನ ಏನು ಮಾಡ್ಬೇಕು?”

ಯಾದಿರಾ ಅವನ ಪಕ್ಕ ಕೂತು ಕೋಟಿನ ತೋಳು ಹಿಡಿದುಕೊಂಡಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು. “ನಿಂಗೇನೋ ಆಗೋಯ್ತು ಅಂದ್ಕೊಂಡೆ. ಬೇಡಪ್ಪ ಈ ಊರು. ಮೊರೇಲಿಯಾನೇ ಆಗ್ಲಿ. ಈಗ್ಲೇ ವಾಪಸ್ ಹೋಗೋಣ.”

ಬಂದ ಕೆಲಸ ಆಗಿತ್ತು. ರಮೀರೊ ಎದ್ದು ಹೊರಡಬಹುದಾಗಿತ್ತು. ಅವನು ಏಳಲಿಲ್ಲ. ಸೂಜಿಯ ಪ್ಯಾಕೆಟ್ಟನ್ನು ಹಿಂದೆ ಮುಂದೆ ತಿರುಗಿಸುತ್ತ ಕೂತ.

“ಇಲ್ಲಿದೀನಿ ಅಂತ ಹೆಂಗೆ ಗೊತ್ತಾಯ್ತು ನಿಂಗೆ?”

“ದಿನಾ ವ್ಯಾನಲ್ಲಿ ನೀನೇ ಹೇಳ್ತೀಯಲ್ಲ, ಸ್ಟಾಪ್ ತಪ್ಪಿದ್ರೆ ಗಾಬರಿ ಬೀಳ್ಬೇಡಿ, ಕೊನೇ ಸ್ಟಾಪಲ್ಲಿ ಕೂತಿರಿ ಅಂತ. ಆ ಕೊನೇಲಿ ನೀನಿರ್ಲಿಲ್ಲ. ಇನ್ನೆಲ್ಲಿರ್ತೀಯ?”

ರಮೀರೊ ಮಗಳ ಮುಖ ನೋಡಿದ. ಆಮೇಲೆ ಒಳಜೇಬಿನಿಂದ ತನ್ನ ಫೋನು ಹೊರತೆಗೆದು ಆನ್ ಮಾಡಿದ. ಅದಕ್ಕೇ ಕಾದಿದ್ದಂತೆ ಒಫೇಲಿಯಾಳ ಕರೆ ಬಂತು.

“ಎಲ್ಲಿ ಹಾಳಾಗಿ ಹೋಗಿದ್ದೆ ಮುದುಕಾ? ಹತ್ತು ಸಲ ಮಾಡ್ದೆ. ನೀನಂದಂಗೆ ಹುಡುಗಿ ದಾರಿ ತಪ್ಪಿದ್ಲಾ?”

“ಇಲ್ಲ,” ಎಂದ ರಮೀರೊ. “ಯಾರೋ ಒಬ್ಬ ಹಳ್ಳಿಯೋನು ತಪ್ಪಿಸ್ಕೊಂಡಿದ್ದ. ದೊಡ್ಡ ಜಂಬದ ಮನುಷ್ಯ, ಯಾರನ್ನೂ ಕೇಳ್ದೆ ಕೂತ್ಬಿಟ್ಟಿದ್ದ. ಇವಳೊಬ್ಬಳೇ ಈ ಊರೆಲ್ಲ ದಾಟ್ಕೊಂಡು ಬಂದು ಹುಡುಕಿದ್ಲು. ಈಗೇನೋ ಮೊರೇಲಿಯಾ ಅಂತ ಅಳ್ತಿದಾಳೆ, ಅದನ್ನ ತಲೆಗೆ ಹಾಕ್ಕೋಬೇಡ. ಇಲ್ಲೇ ಓದ್ಲಿ. ಮಧ್ಯಾಹ್ನ ಹೋಗಿ ಒಪ್ಪಿಗೆ ಹೇಳಿ ಬರ್ತೀವಿ.”

ಯಾದಿರಾ ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿ ಅಪ್ಪನನ್ನೇ ನೋಡಿದಳು.

“ಅಯ್ಯೋ ಪಾಪ,” ಎಂದಳು ಆ ತುದಿಯಿಂದ ಒಫೇಲಿಯಾ. “ಆ ಮನುಷ್ಯನ ಮನೆಯವರಿಗೆ ವಿಷಯ ತಿಳಿಸಿದ್ರಾ?”

“ಅದನ್ನೇ ಈಗ ತಿಳಿಸ್ತಾ ಇದೀನಿ,” ಎಂದ ರಮೀರೊ.