ಸೇತುವೆಯ ಕೆಳಗೊಂದು ಪಂದ್ಯ

ಶ್ರೀಲಂಕಾದ ಕಾಲುವೆಯೊಂದರಲ್ಲಿ ದೋಣಿ ತೆಂಗಿನ ನೆರಳನ್ನು ಸೀಳುತ್ತ ನಿಧಾನವಾಗಿ ಸಾಗುತ್ತಿತ್ತು. ಮುಂದೆ ಹಳೆಯ ಕಲ್ಲಿನ ಸೇತುವೆ ಕಾಣಿಸಿದಾಗ ದೋಣಿಯವನು ಅರೆಬರೆ ಇಂಗ್ಲಿಷಿನಲ್ಲಿ, ಅದರ ಕೆಳಗೆ ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಕೂಗಿದರೆ ಸೇತುವೆಯೂ ತಿರುಗಿ ಕೂಗುತ್ತದೆ ಎಂದ.

ಯಜಮಾನರು ಹೆಂಡತಿ ಅಲಮೇಲುವಿನ ಕಡೆ ತಿರುಗಿ ನಕ್ಕರು. “ಲೇ ಇವಳೇ, ಕೇಳಿಸ್ತಾ? ಸಿಕ್ಕಿಹಾಕ್ಕೊಂಡೆ ನೋಡು.”

ಅಲಮೇಲು ಬೇಡವೆಂದು ತಲೆಯಾಡಿಸಿದಳು. ಗಂಡನ ಹೆಸರು ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎಂದಿದ್ದರು ಅತ್ತೆ. ಅಂದಿನಿಂದ ಅವಳು ಆಸ್ಪತ್ರೆಯಲ್ಲಿ ಕೇಳಿದಾಗಲೂ ಪಕ್ಕದವರಿಂದಲೇ ಹೇಳಿಸಿದ್ದಳು.

“ಪಂದ್ಯ ಕಟ್ಟೋಣ. ನೀನು ಕೂಗಿಬಿಟ್ರೆ ಊರಿಗೆ ಹೋದ್ಮೇಲೆ ಬೆಳಗಿನ ಕಾಫಿ ನಂದು,” ಎಂದರು.

“ನಾನು ಸೋತ್ರೆ?”

“ಈಗ ಮಾಡೋ ಹಾಗೆ ನೀನೇ ಮಾಡ್ತಿರು.”

“ನೀವೂ ಕೂಗ್ಬೇಕು ಮತ್ತೆ.”

“ನಂಗೇನಂತೆ? ನನ್ನ ಬಾಯಿಗೆ ಯಾವ ಶಾಸ್ತ್ರವೂ ಬೀಗ ಹಾಕಿಲ್ಲ.”

ಹೊದ್ದು ಮಲಗಿದ್ದಲ್ಲಿಗೇ ಕಾಫಿಯ ಪರಿಮಳ ಬರುವುದನ್ನು ಅಲಮೇಲು ಒಂದು ಕ್ಷಣ ನೆನೆಸಿಕೊಂಡಳು. ಸೇತುವೆಯ ನೆರಳು ಮುಖದ ಮೇಲೆ ಬಿದ್ದೊಡನೆ ಕಣ್ಣು ಮುಚ್ಚಿ, ತಾಳಿಯನ್ನು ಗಟ್ಟಿಯಾಗಿ ಹಿಡಿದು ಕೂಗಿದಳು: “ತಿರುನಾರಾಯಣಾ…”

ಕಲ್ಲಿನ ಕಮಾನು ಆ ಹೆಸರನ್ನು ಎರಡೆರಡು ಸಲ ಹೇಳಿತು. ದೋಣಿಯವನು ಚಪ್ಪಾಳೆ ತಟ್ಟಿದ. ಅಲಮೇಲು ಕಣ್ಣು ತೆರೆದು ಯಜಮಾನರ ಕಡೆ ತಿರುಗಿದಳು.

“ಹೂಂ, ಈಗ ನಿಮ್ಮ ಸರದಿ,” ಎಂದಳು ಅಲಮೇಲು.

ಅವರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಎದೆ ತುಂಬ ಉಸಿರೆಳೆದು ಹೆಂಡತಿಯನ್ನು ಕೂಗಿದರು.

ಸೇತುವೆ ಚಾಚೂ ತಪ್ಪದೆ ತಿರುಗಿ ಕೂಗಿತು: “ಲೇ ಇವಳೇ… ಇವಳೇ…”