ಕೋಲ್ಮನ್‌ಗಿಂತ ಮುಂಚೆ ಹೋದವರು

"ಈ ಸಾಲೊಂದನ್ನ ಓದೋಕಾಗಲ್ಲ ಡೀಲಿಯಾ, ಬೇಜಾರು ಮಾಡ್ಕೋಬೇಡಿ" ಎಂದು ಜಾರ್ಲತ್ ಚೀಟಿಯನ್ನು ರೇಡಿಯೋ ಕಚೇರಿಯ ಮೇಜಿನ ಮೇಲಿಟ್ಟ.

ಡೀಲಿಯಾಳ ಗಂಡ ಕೋಲ್ಮನ್ ಹಿಂದಿನ ದಿನವಷ್ಟೇ ತೀರಿಕೊಂಡಿದ್ದ. ಬೆಳಗಿನ ವಾರ್ತೆಯ ನಂತರ, ಮತ್ತೆ ಸಂಜೆ, ಸತ್ತವರ ಹೆಸರನ್ನೂ ಅವರಿಗಿಂತ ಮುಂಚೆ ತೀರಿಕೊಂಡ ಮನೆಯವರ ಹೆಸರನ್ನೂ ಓದುವುದು ಅಲ್ಲಿಯ ರೇಡಿಯೋದ ಪದ್ಧತಿ. ಐರ್ಲೆಂಡಿನ ಆ ಕಡಲತೀರದಲ್ಲಿ ಆ ಐದು ನಿಮಿಷ ಯಾರೂ ಚಹಾದ ಲೋಟದಲ್ಲಿ ಚಮಚ ಕೂಡ ಅಲ್ಲಾಡಿಸುವುದಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಅದನ್ನು ಓದುತ್ತಿರುವವನು ಜಾರ್ಲತ್. ಡೀಲಿಯಾ ತಂದ ಚೀಟಿಯ ಕೊನೆಗೆ, 'ಅಂತ್ಯಕ್ರಿಯೆಗೆ ಹೂವು ಬೇಡ, ಕೊಡುವುದಿದ್ದರೆ ಕಡಲ-ಕೊಲ್ಲಿ-ಉಳಿಸಿ ಸಮಿತಿಗೆ ದುಡ್ಡು ಕೊಡಿ' ಎಂದಿತ್ತು.

ತೊಡಕು ಅದೇ. ಕೊಲ್ಲಿಯೊಳಗೆ ಸಾಲ್ಮನ್ ಮೀನು ಸಾಕುವ ಪಂಜರಗಳನ್ನು ಇಳಿಸಿದ ಧಣಿಯೇ ಈ ರೇಡಿಯೋವನ್ನೂ ಜಿಲ್ಲೆಯ ಎರಡು ಪತ್ರಿಕೆಗಳನ್ನೂ ಕೊಂಡುಕೊಂಡಿದ್ದ. ಪಂಜರದ ಹೊಲಸಿಗೆ ಸಿಂಪಿಗಳೆಲ್ಲ, ಊರವರು ತಿನ್ನುವ ಆ ಚಿಪ್ಪಿನ ಜೀವಿಗಳೆಲ್ಲ, ಸತ್ತವು ಎಂದು ಸಿಂಪಿ ಹಿಡಿಯುವ ಕೋಲ್ಮನ್ ಮೂರು ವರ್ಷ ಪತ್ರಿಕೆಗಳಿಗೆ ಬರೆದೇ ಬರೆದ. ಒಂದಕ್ಷರವೂ ಅಚ್ಚಾಗಲಿಲ್ಲ.

"ಸತ್ತ ಮೇಲಾದ್ರೂ ಅವರ ಮಾತು ನಾಲ್ಕು ಜನರ ಕಿವಿಗೆ ಬೀಳ್ಲಿ ಅಂದ್ಕೊಂಡಿದ್ದೆ."

"ಸಮಿತಿ ಹೆಸರೆತ್ತಿದ್ರೆ ನನ್ನ ಕೆಲಸ ಹೋಗತ್ತೆ. ಧಣಿಯ ಡಬ್ಲಿನ್ ಆಫೀಸಿನಿಂದ ಹುಕುಂ ಬಂದಿದೆ." ಜಾರ್ಲತ್ ತಲೆ ತಗ್ಗಿಸಿದ. "ನನ್ನ ಮದುವೆಗೆ ಎರಡು ಮೂಟೆ ಸಿಂಪಿ ಹೊತ್ಕೊಂಡು ಬಂದಿದ್ರು ಕೋಲ್ಮನ್."

"ಅರ್ಧ ನಿನ್ನ ಮಾವನೇ ಮುಗಿಸಿದ್ನಲ್ಲ!"

ಇಬ್ಬರೂ ನಕ್ಕರು. ನಗುತ್ತಲೇ ಡೀಲಿಯಾಳ ಕಣ್ಣು ತುಂಬಿತು. ಅವಳಿಗೆ ಅವನ ಮೇಲೆ ಸಿಟ್ಟಿರಲಿಲ್ಲ, ಕನಿಕರವಿತ್ತು.

"ಮನೆಯವರು ಕೊಟ್ಟ ಹೆಸರನ್ನ ಯಾವತ್ತಾದ್ರೂ ಓದದೆ ಬಿಟ್ಟಿದ್ದೀಯಾ?"

"ಉಂಟೇ! ಒಂದ್ಸಲ ನಾಯಿ ಹೆಸರೂ ಓದಿದ್ದೀನಿ."

"ಹಾಗಾದ್ರೆ ಆ ಪೆನ್ ಕೊಡಪ್ಪ." ಅವಳು ಸಮಿತಿಯ ಸಾಲು ಹೊಡೆದುಹಾಕಿ, ಮೇಲೆಲ್ಲೋ ಎರಡು ಮಾತು ಸೇರಿಸಿದಳು. ಜಾರ್ಲತ್ ಓದಿಕೊಂಡ. ಚೀಟಿ ಹಿಡಿದು ಮೈಕಿನ ಕೋಣೆಯೊಳಗೆ ಹೋದ.

"ಕೋಲ್ಮನ್ ಮಾನಿಯನ್, ಎಪ್ಪತ್ತೊಂದು ವರ್ಷ. ಪತ್ನಿ ಡೀಲಿಯಾರನ್ನು ಅಗಲಿದ್ದಾರೆ. ಇವರಿಗಿಂತ ಮುಂಚೆ ತೀರಿಕೊಂಡವರು ತಂದೆ ಮಾರ್ಟಿನ್, ತಾಯಿ ಹಾನರ್, ಅಣ್ಣ ಟಾಮ್..." ಅವನು ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದ. "ಹಾಗೂ ನಮ್ಮ ಕೊಲ್ಲಿಯ ಸಮಸ್ತ ಸಿಂಪಿಗಳು."

ಮಧ್ಯಾಹ್ನ ಡಬ್ಲಿನ್‌ನಿಂದ ಮ್ಯಾನೇಜರ್ ಜಾರ್ಲತ್‌ನ ಮೇಲೆ ಫೋನಿನಲ್ಲೇ ಹಾರಾಡಿದ.

"ಸಂಜೆ ಓದುವಾಗ ಆ ಸಿಂಪಿಗಳನ್ನ ತೆಗೀರಿ!"

"ಸಂಬಂಧಪಟ್ಟವರನ್ನ ಕೇಳದೆ ಸತ್ತವರ ಹೆಸರು ತೆಗೆಯೋ ಪದ್ಧತಿ ಇಲ್ಲ ಸಾರ್."

"ಸಿಂಪಿಗೆ ಯಾರ್ರೀ ಸಂಬಂಧಪಟ್ಟವರು?"

"ಬೆಳಿಗ್ಗೆಯಿಂದ ನಲವತ್ತು ಮನೆಯವರು ಫೋನ್ ಮಾಡಿದ್ದಾರೆ ಸಾರ್, ದುಃಖದಲ್ಲಿರೋರ ಪಟ್ಟಿಗೆ ನಮ್ಮನ್ನೂ ಸೇರಿಸಿ ಅಂತ. ಸಂಜೆ ಓದೋಕೆ ಐದು ನಿಮಿಷ ಸಾಲಲ್ಲ."